ವರ್ಸಿಕಾನ್ ಜೀನ್ ಒಂದೇ, ಟ್ರಾನ್ಸ್‌ಕ್ರಿಪ್ಟ್ ನಾಲ್ಕು: ಎಕ್ಸಾನ್ 7 ಮತ್ತು 8 ಮಾತ್ರ ಯಾಕೆ ಬಿಟ್ಟುಹೋಗುತ್ತವೆ?

ತೋಳಹುಣಸೆ ಬಯೋಕೆಮ್:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂಎಸ್ಸಿ ಓದ್ತಾ ಇದ್ದೇನೆ, ಸೆಮಿನಾರ್‌ಗೆ ವರ್ಸಿಕಾನ್ (ಜೀವಕೋಶಗಳ ಸುತ್ತಲಿನ ಜಾಗದಲ್ಲಿರುವ ಒಂದು ದೊಡ್ಡ ಪ್ರೋಟೀನ್) ತಗೊಂಡಿದ್ದೇನೆ. ಮನುಷ್ಯನಲ್ಲಿ ಈ ಜೀನ್ 5ನೇ ಕ್ರೋಮೋಸೋಮ್ ಮೇಲಿದೆ, 15 ಎಕ್ಸಾನ್ (ಜೀನ್‌ನ ಆರ್‌ಎನ್‌ಎ ಪ್ರತಿಯಲ್ಲಿ, ಅಂದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಉಳಿಸಿ ಜೋಡಿಸುವ ತುಂಡುಗಳು), ಇಷ್ಟು ಗೊತ್ತಾಯ್ತು. ವಿ0, ವಿ1, ವಿ2, ವಿ3 ಅಂತ ನಾಲ್ಕು ರೂಪ ಬರೋದು 7 ಮತ್ತು 8ನ್ನು ಸೇರಿಸೋದು ಬಿಡೋದರಿಂದ ಅಂತಾರೆ. ಅಷ್ಟು ದೊಡ್ಡ ತುಂಡು ಕಿತ್ತು ಹಾಕಿದರೆ ಮುಂದಿನ ಪ್ರೋಟೀನ್ ಕೆಡಬೇಕು ಅಲ್ವಾ? ಇನ್ನೊಂದು, ಪಿಸಿಆರ್‌ನಲ್ಲಿ (ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) 6ಕ್ಕೂ 9ಕ್ಕೂ ಪ್ರೈಮರ್ (ನಕಲು ಎಲ್ಲಿಂದ ಅಂತ ಗುರುತಿಸುವ ಚಿಕ್ಕ ಡಿಎನ್‌ಎ) ಹಾಕಿದರೆ ನಾಲ್ಕೂ ಬ್ಯಾಂಡ್ (ಜೆಲ್‌ನಲ್ಲಿ ಕಾಣುವ ಗೆರೆ) ಒಟ್ಟಿಗೆ ಸಿಗುತ್ತವಾ?

ದುರ್ಗದ ಮೇಷ್ಟ್ರು:
ಒಳ್ಳೆ ಪ್ರಶ್ನೆ. ದಾವಣಗೆರೆಯಿಂದ ನಮ್ಮ ಚಿತ್ರದುರ್ಗಕ್ಕೆ ಬರುವ ಬಸ್ ನೆನಪಿಸಿಕೊಳ್ಳಿ. ನಡುವೆ ಮೊದಲು ಆನಗೋಡು, ಅದು ಎಕ್ಸಾನ್ 7; ಆಮೇಲೆ ಭರಮಸಾಗರ, ಅದು ಎಕ್ಸಾನ್ 8 ಅಂದುಕೊಳ್ಳಿ. ಎರಡೂ ಕಡೆ ನಿಂತರೆ ವಿ0, ಭರಮಸಾಗರದಲ್ಲಿ ಮಾತ್ರ ನಿಂತರೆ ವಿ1, ಆನಗೋಡಿನಲ್ಲಿ ಮಾತ್ರವಾದರೆ ವಿ2, ಎಲ್ಲೂ ನಿಲ್ಲದೆ ಬಂದರೆ ವಿ3. ಹೊರಡುವ ಊರು, ಸೇರುವ ಊರು ಬದಲಾಗಲ್ಲ. ಹಾಗೆಯೇ ಹಯಲುರೋನಾನ್ (ಜೀವಕೋಶಗಳ ಹೊರಗಿರುವ ಉದ್ದನೆಯ ಸಕ್ಕರೆ ಸರಪಳಿ) ಹಿಡಿಯುವ ಮುಂದಿನ ತುದಿ, ಲೆಕ್ಟಿನ್ (ಸಕ್ಕರೆಗೆ ಅಂಟುವ ಭಾಗ) ಇರುವ ಹಿಂದಿನ ತುದಿ ನಾಲ್ಕರಲ್ಲೂ ಇರುತ್ತವೆ.

ಕೆಡದೆ ಉಳಿಯುವುದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಎಕ್ಸಾನ್ 7ರಲ್ಲಿ 2961 ಬೇಸ್ (ಜೀನ್‌ನ ಅಕ್ಷರ), 8ರಲ್ಲಿ 5262. ಎರಡನ್ನೂ ಮೂರರಿಂದ ಭಾಗಿಸಿ ನೋಡಿ, ಶೇಷ ಸೊನ್ನೆ. ಅಂದರೆ 987 ಮತ್ತು 1754 ಅಮೈನೋ ಆಮ್ಲ. ಯಾವುದನ್ನು ಬಿಟ್ಟರೂ ರೀಡಿಂಗ್ ಫ್ರೇಮ್ (ಮೂರು ಮೂರು ಬೇಸ್ ಸೇರಿಸಿ ಒಂದೊಂದು ಅಮೈನೋ ಆಮ್ಲ ಓದುವ ಸಾಲು) ಜಾರಲ್ಲ, ವಿ0ಗೆ 3396 ಇದ್ದದ್ದು ವಿ3ಗೆ 655 ಆಗುತ್ತೆ, ಅಷ್ಟೇ. ನನಗಂತೂ ಈ ಜೀನ್‌ನಲ್ಲಿ ಅತಿ ಚೆಂದದ ವಿಷಯ ಇದೇ.

ಕಾಂಡ್ರಾಯ್ಟಿನ್ ಸಲ್ಫೇಟ್ ಅನ್ನೋ ಸಕ್ಕರೆ ಸರಪಳಿಗಳು ಅಂಟಿಕೊಳ್ಳೋದು ಈ ಎರಡು ಎಕ್ಸಾನ್‌ಗಳ ಭಾಗಕ್ಕೇ. ಹಾಗಾಗಿ ವಿ3ಗೆ ಆ ಸರಪಳಿಯೇ ಇಲ್ಲ. ದೊಡ್ಡವರ ಮೆದುಳಿನಲ್ಲಿ ಜಾಸ್ತಿ ಇರೋದು ವಿ2.

ಕಣ್ಣಿನ ಡಾಕ್ಟರ್, ದಾವಣಗೆರೆ:
ಸೆಮಿನಾರ್‌ನಲ್ಲಿ ವ್ಯಾಗ್ನರ್ ಸಿಂಡ್ರೋಮ್ ದಯವಿಟ್ಟು ಸೇರಿಸಮ್ಮಾ. 1938ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಕುಟುಂಬದಲ್ಲಿ ವರದಿಯಾದ ಕಣ್ಣಿನ ಕಾಯಿಲೆ. ಎಕ್ಸಾನ್ 8ರ ಅಕ್ಕಪಕ್ಕದ ಸ್ಪ್ಲೈಸ್ ಜಾಗದಲ್ಲಿ (ಆರ್‌ಎನ್‌ಎ ಕತ್ತರಿಸಿ ಎಕ್ಸಾನ್ ಜೋಡಿಸುವ ಗುರುತು) ಒಂದೇ ಒಂದು ಅಕ್ಷರ ಬದಲಾದರೆ ಸಾಕು, ಜೀವಕೋಶ 8ನ್ನು ಬಿಟ್ಟು ಮುಂದೆ ಹೋಗುತ್ತೆ, ವಿ2, ವಿ3 ಪ್ರಮಾಣ ಏರುತ್ತೆ. ಕಣ್ಣಿನೊಳಗಿನ ಜೆಲ್ ನೀರಾಗಿ ಒಳಗೆ ಖಾಲಿ ಕಾಣುತ್ತೆ, ಕೆಲವರಿಗೆ ರೆಟಿನಾ ಕಳಚುತ್ತೆ. ನಾಲ್ಕರ ಹದ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಪಿಸಿಆರ್ ಅಕ್ಕ:
ಪ್ರೈಮರ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. 6 ಮತ್ತು 9ಕ್ಕೆ ಹಾಕಬೇಡ. ವಿ0ದಲ್ಲಿ ನಡುವೆ 8223 ಬೇಸ್ ಇರುತ್ತೆ, ಮಾಮೂಲಿ ಟ್ಯಾಕ್‌ಗೆ (ಪಿಸಿಆರ್‌ನಲ್ಲಿ ನಕಲು ಮಾಡುವ ಎಂಜೈಮ್) ಅದು ಆಗದ ಕೆಲಸ. ಚಿಕ್ಕದಾದ ವಿ3 ಮಾತ್ರ ಜೆಲ್‌ನಲ್ಲಿ ಹೊಳೆಯುತ್ತೆ, ಅದೊಂದೇ ಇದೆ ಅಂತ ಅನಿಸಿಬಿಡುತ್ತೆ. ಬದಲಿಗೆ ಎಕ್ಸಾನ್ ಕೂಡುವ ಜಾಗ ಹಿಡಿ. 7-8 ಕೂಡಿದ್ದು ವಿ0ದಲ್ಲಿ ಮಾತ್ರ, 6-8 ವಿ1, 7-9 ವಿ2, 6-9 ವಿ3. ಒಂದೊಂದಕ್ಕೂ ಬೇರೆ ಜೋಡಿ ಪ್ರೈಮರ್ ಮಾಡು, ಎಲ್ಲಾ ತುಂಡೂ ಚಿಕ್ಕದಾಗಿರಲಿ.

ತೋಳಹುಣಸೆ ಬಯೋಕೆಮ್:
ತುಂಬಾ ಥ್ಯಾಂಕ್ಸ್ ಅಕ್ಕ! ಸಿಡಿಎನ್‌ಎ (ಆರ್‌ಎನ್‌ಎಯಿಂದ ಮಾಡುವ ಡಿಎನ್‌ಎ ಪ್ರತಿ) ಮಾಡೋಕೆ ಆಲಿಗೋ ಡಿಟಿ ಪ್ರೈಮರ್ ಸಾಕಾಗುತ್ತಾ?

ಪಿಸಿಆರ್ ಅಕ್ಕ:
ಅದೊಂದನ್ನೇ ನಂಬಬೇಡ. ಅದು ಪಾಲಿ-ಎ ಬಾಲದಿಂದ, ಅಂದರೆ ಆರ್‌ಎನ್‌ಎಯ ಹಿಂದಿನ ತುದಿಯಿಂದ ಶುರುವಾಗುತ್ತೆ. 7-8 ಕೂಡುವ ಜಾಗಕ್ಕೆ ತಲುಪಬೇಕಾದರೆ ಇಡೀ ಎಕ್ಸಾನ್ 8 ದಾಟಬೇಕು, ಎಷ್ಟೋ ಸಲ ಎಂಜೈಮ್ ದಾರಿಯಲ್ಲೇ ನಿಂತುಬಿಡುತ್ತೆ. ಆಗ ವಿ0, ವಿ1 ಸುಮ್ನೆ ಕಡಿಮೆ ಕಾಣುತ್ತವೆ. ರ್‍ಯಾಂಡಮ್ ಹೆಕ್ಸಾಮರ್ (ಆರ್‌ಎನ್‌ಎ ಮೇಲೆ ಎಲ್ಲೆಂದರಲ್ಲಿ ಕೂರುವ ಆರು ಬೇಸ್‌ನ ಪ್ರೈಮರ್) ಹಾಕು, ಆರ್‌ಎನ್‌ಎ ಒಡೆದಿಲ್ಲ ಅಂತ ಮೊದಲು ಜೆಲ್‌ನಲ್ಲಿ ನೋಡ್ಕೋ.