ವಿವಾದಿತ ವೈದ್ಯಕೀಯ ಸಂಶೋಧನೆಗೆ ಸರ್ಕಾರ ಹಣ ಕೊಡಬೇಕೇ?

ಪ್ರಶ್ನೆ: ರಾಯಚೂರಿನ ಜೀವಶಾಸ್ತ್ರ ಉಪನ್ಯಾಸಕ
ಸಂತಾನ ಚಿಕಿತ್ಸೆಯಲ್ಲಿ ಬಳಕೆಯಾಗದೆ ಉಳಿದ ಭ್ರೂಣಗಳಿಂದ ಸ್ಟೆಮ್ ಸೆಲ್ (ದೇಹದ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಪಡೆಯುವ ಸಂಶೋಧನೆಗೆ ಸರ್ಕಾರ ಹಣ ಕೊಡುವುದು ಸರಿಯೇ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಭ್ರೂಣವೂ ಜೀವವೇ ಎಂದು ನಂಬುವವರ ತೆರಿಗೆಯೂ ಆ ಹಣದಲ್ಲಿ ಸೇರಿರುತ್ತದೆಯಲ್ಲ ಎಂಬುದು ಅವಳ ಆಕ್ಷೇಪ. ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಬಳ್ಳಾರಿಯ ವೈದ್ಯೆ
ಗುರುಗಳೇ, ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಸರ್ಕಾರ ಹಿಂದೆ ಸರಿದ ಮಾತ್ರಕ್ಕೆ ಸಂಶೋಧನೆ ನಿಲ್ಲುವುದಿಲ್ಲ. 2001ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಅವರು ಅದುವರೆಗೆ ಭ್ರೂಣಗಳಿಂದ ಬೇರ್ಪಡಿಸಿದ್ದ ಕೋಶಗಳ ಅಧ್ಯಯನಕ್ಕಷ್ಟೇ ಕೇಂದ್ರದ ಅನುದಾನವನ್ನು ಸೀಮಿತಗೊಳಿಸಿದರು. ಆದರೂ 2004ರಲ್ಲಿ ಅಲ್ಲಿನ ಕ್ಯಾಲಿಫೋರ್ನಿಯಾ ರಾಜ್ಯದ ಮತದಾರರು ಸ್ಟೆಮ್ ಸೆಲ್ ಸಂಶೋಧನೆಗಾಗಿಯೇ 300 ಕೋಟಿ ಡಾಲರ್ ಸಾಲಪತ್ರಗಳಿಗೆ ಒಪ್ಪಿಗೆ ಕೊಟ್ಟರು. ಭ್ರೂಣದ ಗೊಡವೆಯಿಲ್ಲದೆ ಇಲಿಯ ಸಾಮಾನ್ಯ ಕೋಶಗಳನ್ನೇ ಸ್ಟೆಮ್ ಸೆಲ್‌ಗಳಂತೆ ಮಾರ್ಪಡಿಸುವ ದಾರಿಯನ್ನು 2006ರಲ್ಲಿ ಜಪಾನಿನ ವಿಜ್ಞಾನಿ ಶಿನ್ಯ ಯಮನಕ ತೋರಿಸಿದರು ನಿಜ. ಆದರೆ ಆ ಮಾರ್ಪಾಟಿಗಾಗಿ ಕೋಶಕ್ಕೆ ಸೇರಿಸಲು ಯಾವ ಜೀನ್‌ಗಳನ್ನು ಆರಿಸಿಕೊಳ್ಳಬೇಕೆಂಬ ಸುಳಿವು ಅವರಿಗೆ ಸಿಕ್ಕಿದ್ದು ಭ್ರೂಣಕೋಶಗಳ ಅಧ್ಯಯನದಿಂದಲೇ.

ನಮ್ಮಲ್ಲಿ ಸ್ಟೆಮ್ ಸೆಲ್ ಸಂಶೋಧನೆಯ 2017ರ ರಾಷ್ಟ್ರೀಯ ಮಾರ್ಗಸೂಚಿಯು ಮಾನವ ಭ್ರೂಣವನ್ನು ಪ್ರಯೋಗಾಲಯದಲ್ಲಿ 14 ದಿನ ಮೀರಿ ಬೆಳೆಸುವುದನ್ನು ನಿಷೇಧಿಸಿದೆ. ಸಂತಾನ ಚಿಕಿತ್ಸೆಯನ್ನು ನಿಯಂತ್ರಿಸುವ 2021ರ ಕಾಯ್ದೆಯ ಪ್ರಕಾರ ಭ್ರೂಣವನ್ನು ಸಂರಕ್ಷಿಸಿಡಬಹುದಾದ ಗರಿಷ್ಠ ಅವಧಿ 10 ವರ್ಷ. ಆಮೇಲೆ ಅದನ್ನು ನಶಿಸಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆ ಪಡೆದು ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಹೇಗೂ ನಶಿಸಲಿರುವ ಭ್ರೂಣದಿಂದ ರೋಗಿಯೊಬ್ಬರಿಗೆ ಮುಂದೆಂದಾದರೂ ನೆರವಾಗುವುದಾದರೆ ಅದಕ್ಕೆ ಸಾರ್ವಜನಿಕ ಹಣ ಸಲ್ಲಬೇಕೆಂಬುದೇ ನನ್ನ ನಿಲುವು. ಗಣನೀಯ ಪ್ರಮಾಣದಲ್ಲಿ ಸರ್ಕಾರದ ಹಣ ಪಡೆದ ಸಂಸ್ಥೆಯನ್ನು ಮಾಹಿತಿ ಹಕ್ಕಿನಡಿ ಪ್ರಶ್ನಿಸಬಹುದು. ಖಾಸಗಿ ಕಂಪನಿಯನ್ನು ಹಾಗೆ ಕೇಳಲಾಗದು.

ಉತ್ತರ: ಕೊಪ್ಪಳದ ಆರೋಗ್ಯ ಕಾರ್ಯಕರ್ತ
ಮೇಡಂ, ಸರ್ಕಾರ ಇದ್ದಲ್ಲಿ ನಿಗಾ ತಾನಾಗಿಯೇ ಇರುತ್ತದೆಂಬ ನಂಬಿಕೆಯನ್ನು ನಾನು ಒಪ್ಪಲಾರೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ನಡೆದ ಎಚ್‌ಪಿವಿ ಲಸಿಕೆಯ (ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ) ಅಧ್ಯಯನಕ್ಕೆ ಸರ್ಕಾರಿ ಸಂಸ್ಥೆಗಳೂ ಕೈಜೋಡಿಸಿದ್ದವು. ಆದರೂ ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ನಮ್ಮ ಭಾಗದಲ್ಲಿ ಮಕ್ಕಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಗುಳೆ ಹೋಗುವ ಕುಟುಂಬಗಳು ಕಡಿಮೆಯೇನಿಲ್ಲ. ಅವರನ್ನು ಹುಡುಕಿಕೊಂಡು ಹೋಗಿ, ಅವರಿಗೆ ತಿಳಿಯುವ ಮಾತಿನಲ್ಲಿ ವಿವರಿಸಿ, ಬೇಡವೆಂದರೆ ಚಿಕಿತ್ಸೆಗೆ ಅಡ್ಡಿಯಾಗದೆಂದು ಖಾತ್ರಿಪಡಿಸದ ಯಾವ ಯೋಜನೆಗೂ ಒಂದು ರೂಪಾಯಿಯನ್ನೂ ಕೊಡಬಾರದು.

ಬಳ್ಳಾರಿಯ ವೈದ್ಯೆ
ಈ ಷರತ್ತನ್ನು ನಾನೂ ಒಪ್ಪುತ್ತೇನೆ. ಸಂಶೋಧನೆ ನೈತಿಕವಾಗಿ ಸರಿಯೇ ಎಂದು ಪರಿಶೀಲಿಸುವ ನೈತಿಕತಾ ಸಮಿತಿಯಲ್ಲಿ ವೈದ್ಯರಲ್ಲದ ಸದಸ್ಯರೊಬ್ಬರು ಇರಬೇಕೆಂಬ ನಿಯಮ ಈಗಲೂ ಇದೆ. ಆ ಸ್ಥಾನಕ್ಕೆ ಹಾಸ್ಟೆಲ್ ಮಕ್ಕಳ ಪೋಷಕರೊಬ್ಬರನ್ನು ತರುವಂತೆ ಅನುದಾನದ ಆದೇಶದಲ್ಲೇ ಬರೆಯಬಹುದು.