ವಿಮೆಯ ಕಂತು ಕಟ್ಟಲಾ, ಅಮ್ಮನ ಮಾತ್ರೆ ತರಲಾ?

ಹೊಂಗೆ_ನೆರಳು ಕೇಳಿದ್ದು:

ಅನುಭವ ಇರುವವರು ಯಾರಾದರೂ ದಯವಿಟ್ಟು ಹೇಳಿ. ಅಮ್ಮನಿಗೆ 66 ವರ್ಷ. ಬಿಪಿ, ಶುಗರ್ ಎರಡೂ ಇದೆ, ಈಗ ಥೈರಾಯ್ಡ್ ಕೂಡ ಸೇರಿಕೊಂಡಿದೆ. ಅವಳ ಹೆಸರಲ್ಲಿ ಖಾಸಗಿ ಆರೋಗ್ಯ ವಿಮೆ ಇದೆ. ಒಂಬತ್ತು ವರ್ಷದಿಂದ ಒಂದು ಕಂತೂ ತಪ್ಪಿಸಿಲ್ಲ, ಒಂದು ಸಲವೂ ಕ್ಲೇಮ್ ಮಾಡಿಲ್ಲ. ಆದರೂ ಈ ವರ್ಷದ ರಿನ್ಯೂವಲ್ ಪತ್ರ ನೋಡಿ ಎದೆ ಧಸಕ್ ಅಂದಿತು, ಹೋದ ವರ್ಷದ ಒಂದೂವರೆಪಟ್ಟು. ಫೋನ್ ಮಾಡಿ ಕೇಳಿದರೆ 'ವಯಸ್ಸಿನ ಗುಂಪು ಬದಲಾಗಿದೆ' ಅಂತ ಒಂದೇ ಮಾತು.

ಈ ಪಾಲಿಸಿ ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುತ್ತದೆ. ಮನೆಯಲ್ಲಿ ದಿನಾ ನುಂಗುವ ಮಾತ್ರೆಗೆ ಏನೂ ಇಲ್ಲ, ಅದು ಪೂರ್ತಿ ನಮ್ಮ ಕೈಯಿಂದ.

ಹೋದ ಭಾನುವಾರ ಅಮ್ಮನ ಔಷಧಿ ಡಬ್ಬಿ ತೆಗೆದು ನೋಡಿದೆ. ತಿಂಗಳ ಕೊನೆ, ಖಾಲಿ ಆಗಿರಬೇಕಿತ್ತು. ಹನ್ನೊಂದು ಮಾತ್ರೆ ಉಳಿದಿತ್ತು. ಶುಗರ್ ಮಾತ್ರೆಯ ಸ್ಟ್ರಿಪ್ಪಿನಲ್ಲಿ ಅರ್ಧ ತುಂಡುಗಳನ್ನು ಮತ್ತೆ ಅದೇ ಗುಳಿಯೊಳಗೆ ತುರುಕಿ ಮೇಲೆ ಬೆಳ್ಳಿ ಕಾಗದ ಒತ್ತಿ ಇಟ್ಟಿದ್ದಾಳೆ. ತರಕಾರಿ ಚಾಕುವಿನ ಅಂಚಿನಲ್ಲಿ ಬಿಳಿ ಪುಡಿ. ಕೇಳಿದರೆ 'ಚೆನ್ನಾಗೇ ಇದ್ದೀನಲ್ಲ, ಅರ್ಧ ಸಾಕು, ನಿನಗೂ ಖರ್ಚು ಜಾಸ್ತಿ' ಅಂದಳು. ಅವತ್ತಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ವಿಮೆ ಬಿಟ್ಟು ಆ ದುಡ್ಡನ್ನು ಮಾತ್ರೆಗೆ ಹಾಕೋಣ ಅನಿಸುತ್ತಿದೆ. ತಪ್ಪಾ?

ಹಳೇ_ಫೈಲು:

ನಾನು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಮೊದಲು ಒಂದು ಮಾತು: ಯೋಚನೆ ಮುಗಿಯುವ ತನಕ ಕಂತಿನ ಕೊನೆಯ ದಿನ ದಾಟಲು ಬಿಡಬೇಡಿ.

ಒಂಬತ್ತು ವರ್ಷ ಕಟ್ಟಿದ್ದು ದಂಡ ಆಯಿತು ಅಂತ ನಿಮಗೆ ಅನಿಸುತ್ತಿರಬಹುದು, ಆದರೆ ಆ ಒಂಬತ್ತು ವರ್ಷವೇ ಈಗ ನಿಮ್ಮ ಕೈಲಿರುವ ಆಸ್ತಿ. ಮೊದಲೇ ಇದ್ದ ಕಾಯಿಲೆಗೆ ಹೆಚ್ಚಿನ ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ, ಅಂದರೆ ಅದು ಮುಗಿಯುವ ತನಕ ಆ ಕಾಯಿಲೆಗೆ ಕ್ಲೇಮ್ ಸಿಗುವುದಿಲ್ಲ. ಅಮ್ಮನಿಗೆ ಅದು ಯಾವತ್ತೋ ಮುಗಿದಿರುತ್ತದೆ. ಈಗ ಬಿಟ್ಟು ಎರಡು ವರ್ಷ ಆದಮೇಲೆ ಮತ್ತೆ ಬೇಕು ಅಂದರೆ ಶುಗರ್, ಬಿಪಿ, ಥೈರಾಯ್ಡ್ ಮೂರನ್ನೂ ಹೊಸದಾಗಿ ಬರೆಯಬೇಕು, ಕಾಯುವುದು ಮೊದಲಿನಿಂದ ಶುರು, ಎಷ್ಟೋ ಕಡೆ ಪಾಲಿಸಿಯೇ ಕೊಡುವುದಿಲ್ಲ.

ಕ್ಲೇಮ್ ಮಾಡದಿದ್ದರೂ ಯಾಕೆ ಏರಿತು? ಕಂಪನಿ ನೋಡುವುದು ಅಮ್ಮ ಒಬ್ಬರನ್ನೇ ಅಲ್ಲ, ಅದೇ ವಯಸ್ಸಿನ ಇಡೀ ಗುಂಪನ್ನು. ಕಂತು ಏರಿದಾಗ ಗಟ್ಟಿಮುಟ್ಟಾಗಿರುವವರು ಮೊದಲು ಬಿಟ್ಟು ಹೋಗುತ್ತಾರೆ. ಉಳಿಯುವವರು ಕಾಯಿಲೆ ಇರುವವರು. ಅವರ ಖರ್ಚು ಜಾಸ್ತಿ, ಹಾಗಾಗಿ ಮುಂದಿನ ವರ್ಷ ಇನ್ನೂ ಏರುತ್ತದೆ, ಇನ್ನಷ್ಟು ಜನ ಬಿಡುತ್ತಾರೆ. ಇದಕ್ಕೇ ಕೆಲವು ದೇಶಗಳಲ್ಲಿ ವಯಸ್ಸು, ಕಾಯಿಲೆ ನೋಡಿ ಬೇರೆ ಬೇರೆ ಕಂತು ಹಾಕುವಂತಿಲ್ಲ ಅಂತ ಕಾನೂನು ಮಾಡಿದ್ದಾರೆ, ಇನ್ನು ಕೆಲವು ಕಡೆ ಎಲ್ಲರೂ ವಿಮೆ ತೆಗೆದುಕೊಳ್ಳಲೇಬೇಕು. ಎರಡೂ ಇಲ್ಲದ ಕಡೆ ವಯಸ್ಸಾದವರ ಮೇಲೆ ಪೂರ್ತಿ ಭಾರ ಬೀಳುತ್ತದೆ. ನನಗೆ ಇದು ಅನ್ಯಾಯ ಅಂತಲೇ ಅನಿಸುತ್ತದೆ, ಒಳಗೆ ಕೂತು ನೋಡಿಯೇ ಹೇಳುತ್ತಿದ್ದೇನೆ.

ಬಿಡುವ ಬದಲು ಡಿಡಕ್ಟಿಬಲ್ ಜಾಸ್ತಿ ಮಾಡಿದರೆ ಕಂತು ಎಷ್ಟು ಇಳಿಯುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಅಂದರೆ ಬಿಲ್ಲಿನಲ್ಲಿ ಮೊದಲ ಇಷ್ಟು ದುಡ್ಡು ನಿಮ್ಮದು, ಮೇಲಿನದು ಅವರದು. ಕೋ-ಪೇ ಸೇರಿಸಿ ಇಳಿಸಿಕೊಡ್ತೀವಿ ಅಂದರೆ ಮಾತ್ರ ಹುಷಾರು. ಡಿಡಕ್ಟಿಬಲ್‌ಗೆ ಒಂದು ಗಡಿ ಇದೆ. ಕೋ-ಪೇ ಬಿಲ್ಲಿನ ಇಷ್ಟು ಪಾಲು ಅಂತ ಇರುತ್ತದೆ, ಮೇಲ್ಮಿತಿ ಇಲ್ಲದಿದ್ದರೆ ಬಿಲ್ ದೊಡ್ಡದಾದಷ್ಟೂ ನಿಮ್ಮ ಪಾಲೂ ದೊಡ್ಡದು. ದೊಡ್ಡ ಬಿಲ್ಲಿಗೇ ಅಲ್ವಾ ನಾವು ವಿಮೆ ಮಾಡಿಸಿದ್ದು? ಕಾಯುವ ಅವಧಿಯ ಲೆಕ್ಕ ಉಳಿಸಿಕೊಂಡೇ ಬೇರೆ ಕಂಪನಿಗೆ ಹೋಗಲು ನಿಮ್ಮಲ್ಲಿ ಅವಕಾಶ ಇದೆಯಾ ಅಂತಲೂ ವಿಚಾರಿಸಿ.

ಬಿಳಿ_ಕೋಟು:

ನಾನು ಫಾರ್ಮಸಿಸ್ಟ್. ವಿಮೆ ವಿಷಯ ಮೇಲಿನವರು ಹೇಳಿದ್ದಾರೆ, ನಾನು ಮಾತ್ರೆ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲು ಆ ಅರ್ಧ ತುಂಡು. ಸ್ಟ್ರಿಪ್ಪಿನ ಹಿಂದೆ ಓದಿ. ಹೆಸರಿನ ಪಕ್ಕ ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತ ಏನಾದರೂ ಇದ್ದರೆ ಅದು ಹೊಟ್ಟೆಯೊಳಗೆ ಗಂಟೆಗಟ್ಟಲೆ ನಿಧಾನವಾಗಿ ಕರಗುವ ಹಾಗೆ ಮಾಡಿದ ಮಾತ್ರೆ. ಅಂಥ ಎಷ್ಟೋ ಮಾತ್ರೆಗಳನ್ನು ಕತ್ತರಿಸಿದರೆ ಆ ವ್ಯವಸ್ಥೆಯೇ ಒಡೆದುಹೋಗುತ್ತದೆ, ಔಷಧಿ ಒಂದೇ ಸಲಕ್ಕೆ ಹೊರಬರುತ್ತದೆ. ನಡುವೆ ಗೆರೆ ಇರುವ ಮಾತ್ರೆಯನ್ನು ಡಾಕ್ಟರ್ ಅರ್ಧ ಅಂತ ಬರೆದಿದ್ದರೆ ಸರಿ. ಚಾಕು ಇದೆ ಅಂತ ಎಲ್ಲವನ್ನೂ ಕತ್ತರಿಸಬಾರದು. ಇನ್ನು ಕೆಲವು ಬಿಪಿ ಮಾತ್ರೆಗಳಿವೆ, ಕ್ಲೋನಿಡಿನ್, ಅಟೆನೊಲಾಲ್ ಥರದವು. ಅವನ್ನು ತಟಕ್ಕಂತ ನಿಲ್ಲಿಸಲೇಬಾರದು, ಬಿಪಿ, ಎದೆಬಡಿತ ಎರಡೂ ಏರಿಬಿಡಬಹುದು.

ಎರಡನೆಯದು ಹೆಸರು. ಸ್ಟ್ರಿಪ್ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಕೆಳಗೆ ಸಣ್ಣದಾಗಿ ಇರುವುದೇ ಔಷಧಿ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ 1957ರಿಂದ ಬಳಕೆಯಲ್ಲಿದೆ, ಅದರ ಪೇಟೆಂಟ್ ಮುಗಿದು ಎಷ್ಟೋ ಕಾಲ ಆಯಿತು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಕೂಡ ಹಾಗೇ. ಇವೆರಡೂ ವಿಶ್ವ ಆರೋಗ್ಯ ಸಂಸ್ಥೆ 1977ರಿಂದ ಪ್ರಕಟಿಸುತ್ತಿರುವ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಯಾವ ಕಂಪನಿಯಾದರೂ ತಯಾರಿಸಬಹುದು, ಹಾಗಾಗಿ ಬೇರೆ ಬೇರೆ ಹೆಸರಿನ ನಡುವೆ ಬೆಲೆ ತುಂಬ ವ್ಯತ್ಯಾಸ. ಡಾಕ್ಟರ್ ಹತ್ತಿರ 'ಇದರ ಜನರಿಕ್ (ಅಂದರೆ ಅದೇ ಔಷಧಿ, ಕಂಪನಿ ಇಟ್ಟ ಹೆಸರಿಲ್ಲದೆ) ಬರೆದುಕೊಡಿ' ಅಂತ ಬಾಯಿಬಿಟ್ಟು ಕೇಳಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಜನರಿಕ್ ಅಂದರೆ ಕಳಪೆ ಅಂತ ಹೆದರಬೇಡಿ. ಜನರಿಕ್‌ಗೆ ಒಪ್ಪಿಗೆ ಕೊಡುವಾಗ ನೋಡುವ '80ರಿಂದ 125 ಶೇಕಡಾ' ಅನ್ನುವ ನಿಯಮ ಕೇಳಿ ಔಷಧಿಯೇ ಐದನೇ ಒಂದು ಭಾಗ ಕಮ್ಮಿ ಇರುತ್ತದೆ ಅಂದುಕೊಳ್ಳುವವರು ತುಂಬ ಜನ. ಅದು ಮಾತ್ರೆಯೊಳಗಿನ ತೂಕದ ಮಾತಲ್ಲ. ಮೂಲ ಮಾತ್ರೆಗೆ ಹೋಲಿಸಿದರೆ ರಕ್ತಕ್ಕೆ ಎಷ್ಟು ಸೇರುತ್ತದೆ ಅಂತ ಅಳೆದಾಗ, ಸರಾಸರಿ ಮಾತ್ರ ಅಲ್ಲ, ಅದರ ಆಚೀಚೆ ಅಳತೆಯಲ್ಲಿ ಆಗಬಹುದಾದ ತಪ್ಪಿಗೆಂದು ಬಿಡುವ ಅಂತರವೂ ಪೂರ್ತಿಯಾಗಿ ಆ ಎರಡು ಗೆರೆಗಳ ಒಳಗೆ ಬರಬೇಕು. ಹಾಗೆ ಬರಬೇಕಾದರೆ ನಿಜವಾದ ವ್ಯತ್ಯಾಸ ಸಣ್ಣದೇ ಇರಬೇಕಾಗುತ್ತದೆ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಬಿಲ್ ಸಮೇತ ತನ್ನಿ, ಅಷ್ಟೇ.

ಒಂದು ಎಚ್ಚರ. ಥೈರಾಯ್ಡ್ ಮಾತ್ರೆ (ಲೆವೊಥೈರಾಕ್ಸಿನ್) ಕೂದಲೆಳೆ ಲೆಕ್ಕದ್ದು, ಪ್ರಮಾಣ ಸ್ವಲ್ಪ ಹೆಚ್ಚುಕಮ್ಮಿ ಆದರೂ ತೊಂದರೆ. ಅದನ್ನು ತಿಂಗಳಿಗೊಂದು ಕಂಪನಿ ಅಂತ ಬದಲಿಸಬೇಡಿ. ಬದಲಿಸಿದರೆ ಡಾಕ್ಟರಿಗೆ ಹೇಳಿ, ಕೆಲವು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ.

ಸಂಜೆ_ಬಿಸಿಲು:

ಹೊಂಗೆ ಅವರೇ, ನಿಮ್ಮ ಅಮ್ಮ ಹೇಳಿದ ಮಾತನ್ನೇ ನಮ್ಮ ತಂದೆಯೂ ಹೇಳುತ್ತಿದ್ದರು. 'ಚೆನ್ನಾಗೇ ಇದ್ದೀನಲ್ಲ.' ಬಿಪಿ ಮಾತ್ರೆ ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರು ಅಂತ ನಮಗೆ ಗೊತ್ತಾಗಿದ್ದು ಲಕ್ವ ಹೊಡೆದ ಮೇಲೆ. ಅಲಮಾರಿಯಲ್ಲಿ ಹಳೇ ಅಂಗಿಗಳ ಕೆಳಗೆ ನಾಲ್ಕು ಪೂರ್ತಿ ಸ್ಟ್ರಿಪ್ ಸಿಕ್ಕಿತು. ಉಳಿಸಿದ್ದು ನಮಗೋಸ್ಕರ. ಈಗ ಬಲಗೈ ಎತ್ತಲು ಆಗುವುದಿಲ್ಲ, ನಾನೇ ಊಟ ಮಾಡಿಸುತ್ತೇನೆ.

ಅಮ್ಮನನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಇನ್ನೂ ಚೆನ್ನಾಗಿ ಬಚ್ಚಿಡುತ್ತಾರೆ. ದುಡ್ಡಿನ ಲೆಕ್ಕ ಅವರ ಮುಂದೆ ಗೊಣಗಬೇಡಿ. ನಾವು ಗೊಣಗುತ್ತಿದ್ದೆವು.

ನೇರಮಾತು:

ನನ್ನ ಅಭಿಪ್ರಾಯ ಬೇರೆ. ಒಂಬತ್ತು ವರ್ಷದ ಕಂತು ಬ್ಯಾಂಕಿನಲ್ಲಿ ಇಟ್ಟಿದ್ದರೆ ಇವತ್ತು ಒಳ್ಳೆಯ ಮೊತ್ತ ಆಗುತ್ತಿತ್ತು, ಯಾರನ್ನೂ ಬೇಡಬೇಕಿರಲಿಲ್ಲ. ವಿಮೆ ಅಂದರೆ ಕಂಪನಿಯ ಲಾಭವನ್ನೂ ನಾವೇ ಕೊಡುವುದು. ಔಷಧಿಯದ್ದೂ ಅದೇ ಕಥೆ. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ 1 ಡಾಲರಿಗೆ ಬಿಟ್ಟುಕೊಟ್ಟರು, ಎಲ್ಲರಿಗೂ ಸಿಗಲಿ ಅಂತ. ನೂರು ವರ್ಷ ಆದಮೇಲೂ ಅದನ್ನು ಅಳೆದೂ ಸುರಿದೂ ಚುಚ್ಚಿಕೊಳ್ಳುವ ಜನ ಇದ್ದಾರೆ. ಜಗತ್ತಿನ ಇನ್ಸುಲಿನ್‌ನ ಬಹುಪಾಲು ಮೂರೇ ಕಂಪನಿಗಳ ಕೈಯಲ್ಲಿದೆ. ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಹಳೇ_ಫೈಲು:

ನೇರಮಾತು ಅವರೇ, ಇನ್ಸುಲಿನ್ ವಿಷಯದಲ್ಲಿ ನಿಮ್ಮ ಸಿಟ್ಟು ನನಗೂ ಇದೆ. ಉಳಿತಾಯದ ಮಾತು ಮಾತ್ರ ಮೂವತ್ತು ವರ್ಷದವರಿಗೆ ಹೇಳಬಹುದು. 66ರ ಶುಗರ್ ಇರುವ ಅಮ್ಮನಿಗೆ ಹೃದಯದ್ದೋ ಕಿಡ್ನಿಯದ್ದೋ ಒಂದು ತೊಂದರೆ ಬಂದರೆ ಒಂಬತ್ತು ವರ್ಷದ ಉಳಿತಾಯ ಒಂದು ವಾರಕ್ಕೆ ಕರಗುತ್ತದೆ. ಮಾತ್ರೆ ಪ್ರತಿ ತಿಂಗಳು ಬರುವ ಖರ್ಚು, ಅದನ್ನು ಇಳಿಸಬಹುದು. ಆಸ್ಪತ್ರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದಾಗ ಇಳಿಸಲು ಸಮಯ ಇರುವುದಿಲ್ಲ. ಅದಕ್ಕೇ ಒಂದನ್ನು ಬಿಟ್ಟು ಇನ್ನೊಂದು ಅನ್ನಬೇಡಿ ಅಂತ ನಾನು ಹೇಳುವುದು.

ಹೊಂಗೆ_ನೆರಳು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸಂಜೆ ಅವರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಿದ್ದೆ. ಮೇಜಿನ ಮೇಲೆ ಎಲ್ಲ ಸುರಿದೆ. ಏಳು ಥರ ಇತ್ತು. ಅದರಲ್ಲಿ ಒಂದು ಗ್ಯಾಸ್ಟ್ರಿಕ್ ಮಾತ್ರೆ ಯಾವುದೋ ಹಳೇ ಜ್ವರಕ್ಕೆ ಬರೆದದ್ದು, ಯಾರೂ ನಿಲ್ಲಿಸಿರಲಿಲ್ಲ, ಎರಡು ವರ್ಷ ತಂದಿದ್ದೇವೆ. ಒಂದು ವಿಟಮಿನ್ ಬೇಡ ಅಂದರು. ಬಿಪಿ, ಶುಗರ್ ಎರಡಕ್ಕೂ ಜನರಿಕ್ ಹೆಸರಲ್ಲೇ ಬರೆದುಕೊಟ್ಟರು. ಶುಗರ್ ಮಾತ್ರೆ ನಿಧಾನವಾಗಿ ಕರಗುವ ಥರದ್ದೇ ಆಗಿತ್ತು, ಕತ್ತರಿಸಬಾರದು ಅಂತ ಅಮ್ಮನಿಗೇ ನೇರವಾಗಿ ಹೇಳಿದರು. ಥೈರಾಯ್ಡ್ ಮಾತ್ರೆ ಮುಟ್ಟಲಿಲ್ಲ. ತಿಂಗಳ ಖರ್ಚು ಸುಮಾರು ಅರ್ಧಕ್ಕೆ ಬಂದಿದೆ.

ಡಿಡಕ್ಟಿಬಲ್ ಲೆಕ್ಕ ಮೇಲ್‌ನಲ್ಲಿ ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಕೊನೆಯ ದಿನಕ್ಕೆ ಆರು ದಿನ ಇದೆ, ಬರದಿದ್ದರೆ ಹಾಗೇ ಪೂರ್ತಿ ಕಟ್ಟಿಬಿಡುತ್ತೇನೆ. ಅಮ್ಮ ನಿನ್ನೆ ಹೊಸ ಮಾತ್ರೆಯ ಬಿಲ್ ಇಸಿದುಕೊಂಡು ಕನ್ನಡಕ ಹಾಕಿ ಎರಡು ಸಲ ಓದಿದಳು, ಆಮೇಲೆ ನನ್ನ ಎದುರಿಗೇ ಒಂದು ಪೂರ್ತಿ ಮಾತ್ರೆ ನುಂಗಿದಳು.