ಸ್ಪಿತಿಗೆ ಹೊರಟವರ ಬ್ಯಾಗಿನಲ್ಲಿ ಚಾರ್ಜರ್, ಕೇಬಲ್, ಬ್ಯಾಟರಿ: ಯಾವುದು ಬೇಕು, ಯಾವುದು ಬೇಡ

ಕೇಳಿದ್ದು:
ಸೆಪ್ಟೆಂಬರ್ ಮಧ್ಯದಲ್ಲಿ ಇಬ್ಬರು ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಆಮೇಲೆ ಬಸ್ಸಿನಲ್ಲಿ ಶಿಮ್ಲಾ, ರೆಕಾಂಗ್ ಪಿಯೊ, ನಾಕೊ, ತಾಬೊ, ಕಾಜಾ. ಚಂದ್ರತಾಲ್ ಸರೋವರ ನೋಡಿ ಮನಾಲಿಗೆ ಇಳಿದು ಚಂಡೀಗಢದಿಂದ ವಿಮಾನದಲ್ಲಿ ವಾಪಸ್. ಎರಡು ಫೋನು, ಒಂದು ಮಿರರ್‌ಲೆಸ್ ಕ್ಯಾಮೆರಾ, ಟೈಪ್ ಸಿ ಮೂಲಕ 65 ವ್ಯಾಟ್‌ನಲ್ಲಿ ಚಾರ್ಜ್ ಆಗುವ ಒಂದು ಸಣ್ಣ ಲ್ಯಾಪ್‌ಟಾಪ್ ಇವೆ. ಕ್ಯಾಮೆರಾ, ಲ್ಯಾಪ್‌ಟಾಪ್ ಬಿಟ್ಟು ಉಳಿದ ಎಲೆಕ್ಟ್ರಾನಿಕ್ ಸಾಮಾನು ಒಂದೂವರೆ ಕೆ.ಜಿ. ದಾಟಬಾರದು. ಏನೇನು ತುಂಬಿಕೊಳ್ಳಬೇಕು? ಮಡಚುವ ಸೋಲಾರ್ ಪ್ಯಾನೆಲ್ ತಗೊಂಡರೆ ಉಪಯೋಗವಿದೆಯೇ?

ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಮಾಡುವವರು:
ಮೊದಲು ಕೇಬಲ್ ಬಗ್ಗೆ ಹೇಳುತ್ತೇನೆ. ಪ್ರಯಾಣದಲ್ಲಿ ಕೈಕೊಡುವುದು ಹೆಚ್ಚಾಗಿ ಅದೇ. ಚಾರ್ಜರ್ ಕೆಟ್ಟಿದೆ ಎಂದು ಅಂಗಡಿಗೆ ತರುವ ಎಷ್ಟೋ ಜನರ ಚಾರ್ಜರ್ ಸರಿಯಾಗಿಯೇ ಇರುತ್ತದೆ, ಕನೆಕ್ಟರ್ ಬುಡದಲ್ಲಿ ವೈರು ಒಳಗೊಳಗೇ ತುಂಡಾಗಿರುತ್ತದೆ.

ಎರಡೂ ತುದಿ ಟೈಪ್ ಸಿ ಇರುವ ಸಾಮಾನ್ಯ ಕೇಬಲ್ 3 ಆಂಪಿಯರ್ ಮಾತ್ರ ಒಯ್ಯುತ್ತದೆ. 20 ವೋಲ್ಟ್‌ಗೆ ಲೆಕ್ಕ ಹಾಕಿದರೆ 60 ವ್ಯಾಟ್. ಅದಕ್ಕೆ ಮೇಲೆ ಬೇಕಾದರೆ ತುದಿಯಲ್ಲಿ ಇ-ಮಾರ್ಕರ್ ಚಿಪ್ (ಕೇಬಲ್ ಎಷ್ಟು ಕರೆಂಟು ತಾಳುತ್ತದೆಂದು ಚಾರ್ಜರ್‌ಗೆ ಹೇಳುವಂಥದ್ದು) ಇರುವ 5 ಆಂಪಿಯರ್ ಕೇಬಲ್ ಬೇಕು. ಲ್ಯಾಪ್‌ಟಾಪ್‌ಗೆ ಅಂಥದ್ದೊಂದು, ಒಂದೂವರೆ ಮೀಟರ್ ಉದ್ದದ್ದು ಇರಲಿ. ಫೋನುಗಳಿಗೆ ಒಂದೊಂದು ಮೀಟರಿನ ಎರಡು ಸಿ-ಸಿ ಕೇಬಲ್. ಇವಲ್ಲದೆ ಒಂದು ಕಡೆ ಹಳೆಯ ಚಪ್ಪಟೆ ಯುಎಸ್‌ಬಿ-ಎ, ಇನ್ನೊಂದು ಕಡೆ ಸಿ ಇರುವ ಕೇಬಲ್ ಒಂದನ್ನು ಖಂಡಿತ ಇಟ್ಟುಕೊಳ್ಳಿ. ಅಗ್ಗದ ಹೆಡ್‌ಲ್ಯಾಂಪು, ಟ್ರಿಮ್ಮರ್‌ಗಳಲ್ಲಿ ಸಿ ಪೋರ್ಟ್ ಇದ್ದರೂ ಒಳಗೆ ಇರಬೇಕಾದ 5.1 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಹಾಕಿರುವುದಿಲ್ಲ. ಅವು ಇಲ್ಲದಿದ್ದರೆ ಚಾರ್ಜರ್‌ಗೆ ಆಚೆ ಕಡೆ ಏನೋ ಸಿಕ್ಕಿಸಿದ್ದಾರೆಂದು ಗೊತ್ತಾಗುವುದೇ ಇಲ್ಲ, ಕರೆಂಟು ಬಿಡುವುದಿಲ್ಲ. ಅದೇ ಸಾಮಾನಿಗೆ ಎ-ಸಿ ಕೇಬಲ್ ಹಾಕಿದರೆ ತಕ್ಷಣ ಚಾರ್ಜ್ ಆಗುತ್ತದೆ. ಬಸ್ಸು, ಟ್ಯಾಕ್ಸಿಗಳಲ್ಲಿ ಸಿಗುವುದೂ ಹೆಚ್ಚಾಗಿ ಎ ಪೋರ್ಟೇ.

ಚಾರ್ಜರ್ ಒಂದೇ ಸಾಕು: 65 ವ್ಯಾಟ್‌ನ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಬಳಸಿದ, ಗಾತ್ರದಲ್ಲಿ ಸಣ್ಣ) ಚಾರ್ಜರ್, ಎರಡು ಸಿ ಮತ್ತು ಒಂದು ಎ ಪೋರ್ಟ್ ಇರುವಂಥದ್ದು. ತೂಕ 120–130 ಗ್ರಾಂ ಬರುತ್ತದೆ. 65 ವ್ಯಾಟ್ ಎನ್ನುವುದು ಒಂದೇ ಪೋರ್ಟ್ ಬಳಸಿದಾಗಿನ ಮಾತು. ಎರಡನೆಯದನ್ನು ಸಿಕ್ಕಿಸಿದ ಕೂಡಲೇ ಬಹಳಷ್ಟು ಮಾಡೆಲ್‌ಗಳು 45 ಮತ್ತು 20 ಎಂದು ಹಂಚುತ್ತವೆ. ಹಂಚುವ ಹೊತ್ತಿಗೆ ಎಲ್ಲ ಪೋರ್ಟೂ ಒಂದು ಕ್ಷಣ ಕಡಿತಗೊಂಡು ಮತ್ತೆ ಶುರುವಾಗುತ್ತವೆ. ಲ್ಯಾಪ್‌ಟಾಪ್ ಚಾರ್ಜಿಂಗ್ ನಿಂತು ಮತ್ತೆ ಬಂದರೆ ಗಾಬರಿ ಬೇಡ, ಅದು ದೋಷವಲ್ಲ.

ಹೊರಡುವ ವಾರ ಮೊದಲೇ ಎಲ್ಲವನ್ನೂ ಮನೆಯಲ್ಲಿ ಒಟ್ಟಿಗೆ ಸಿಕ್ಕಿಸಿ ಒಂದು ರಾತ್ರಿ ಚಾರ್ಜ್ ಮಾಡಿ ನೋಡಿ. ಕನೆಕ್ಟರ್ ಹತ್ತಿರ ಕೇಬಲನ್ನು ಆ ಕಡೆ ಈ ಕಡೆ ನಿಧಾನಕ್ಕೆ ಬಗ್ಗಿಸಿ. ಚಾರ್ಜಿಂಗ್ ಬಂದು ಹೋಗಿ ಮಾಡಿದರೆ ಆ ಕೇಬಲ್ ಮನೆಯಲ್ಲೇ ಉಳಿಯಲಿ.

ಹಿಮಾಲಯದಲ್ಲಿ ಚಾರಣ ತಂಡ ನಡೆಸುವವರು:
ಕೇಬಲ್ ವಿಷಯ ಸರಿಯಾಗಿ ಹೇಳಿದ್ದಾರೆ. ನಾನು ಪವರ್ ಬ್ಯಾಂಕ್ ಬಗ್ಗೆ ಬರೆಯುತ್ತೇನೆ. ಕಾಜಾಕ್ಕಿಂತ ಮೇಲಿನ ಹಳ್ಳಿಗಳಲ್ಲಿ ಕರೆಂಟು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ನಂಬಲಾಗದು. ಚಂದ್ರತಾಲ್ ಕ್ಯಾಂಪುಗಳಲ್ಲಿ ಇರುವುದು ಸೋಲಾರ್ ಅಥವಾ ಜನರೇಟರ್, ಅದೂ ಸಂಜೆ ಕೆಲವೇ ಗಂಟೆ, ಅದೂ ಊಟದ ಡೇರೆಯಲ್ಲಿ.

ಹಾಗಾಗಿ ಪವರ್ ಬ್ಯಾಂಕ್ ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ, ಎಷ್ಟು ಎಂಎಎಚ್ ಎಂಬುದು, ಅರ್ಧ ಮಾತ್ರ. ಅದು ಎಷ್ಟು ಬೇಗ ತುಂಬುತ್ತದೆ ಎನ್ನುವುದು ಉಳಿದರ್ಧ. 20,000 ಎಂಎಎಚ್ ಬ್ಯಾಂಕಿನಲ್ಲಿ ಇರುವ ಶಕ್ತಿ 74 ವ್ಯಾಟ್ ಅವರ್ (20 ಆಂಪಿಯರ್ ಅವರ್ ಗುಣಿಸು ಒಳಗಿನ ಸೆಲ್ಲಿನ 3.7 ವೋಲ್ಟ್). ಹಳೆಯ 10 ವ್ಯಾಟ್ ಇನ್‌ಪುಟ್ ಆದರೆ ತುಂಬಲು ಎಂಟು ಒಂಬತ್ತು ಗಂಟೆ. 18 ವ್ಯಾಟ್ ಆದರೆ ಐದು ಗಂಟೆಯ ಆಸುಪಾಸು. 30 ವ್ಯಾಟ್ ಆದರೆ ಮೂರು. ಸಂಜೆ ಮೂರು ಗಂಟೆ ಕರೆಂಟು ಸಿಕ್ಕಿತು ಎಂದುಕೊಳ್ಳಿ: ಮೊದಲನೆಯದು ಮೂರನೇ ಒಂದು ಭಾಗ ತುಂಬಿರುತ್ತದೆ, ಕೊನೆಯದು ಪೂರ್ತಿ ತುಂಬಿರುತ್ತದೆ. ಡಬ್ಬಿಯ ಮೇಲೆ ‘ಔಟ್‌ಪುಟ್’ ದೊಡ್ಡದಾಗಿ ಬರೆದಿರುತ್ತಾರೆ, ‘ಇನ್‌ಪುಟ್’ ಸಣ್ಣ ಅಕ್ಷರದಲ್ಲಿರುತ್ತದೆ. ಸಣ್ಣ ಅಕ್ಷರವನ್ನೇ ಓದಿ.

ಬರೆದಷ್ಟೂ ಫೋನಿಗೆ ಬರುವುದಿಲ್ಲ. 3.7 ವೋಲ್ಟಿನಿಂದ 5 ಅಥವಾ 9 ವೋಲ್ಟಿಗೆ ಏರಿಸುವಾಗ ಶಾಖವಾಗಿ ಒಂದಷ್ಟು ಹೋಗುತ್ತದೆ. 5,000 ಎಂಎಎಚ್ ಬ್ಯಾಟರಿಯ ಫೋನು ಸುಮಾರು 19 ವ್ಯಾಟ್ ಅವರ್ ಕುಡಿಯುತ್ತದೆ. 20,000ದ ಬ್ಯಾಂಕ್ ಅದನ್ನು ಮೂರು ಸಲ ತುಂಬಿಸಿದರೆ ಅದು ಒಳ್ಳೆಯ ಬ್ಯಾಂಕ್.

ಇಬ್ಬರು ಹೋಗುವಾಗ ಒಂದು ದೊಡ್ಡದಕ್ಕಿಂತ 10,000ದ ಎರಡು ವಾಸಿ ಎಂಬುದು ನನ್ನ ಅಭಿಪ್ರಾಯ. ಒಂದೇ ಚಾರ್ಜರಿನ ಎರಡು ಪೋರ್ಟಿಗೆ ಹಾಕಿ ಎರಡನ್ನೂ ಒಟ್ಟಿಗೆ ತುಂಬಿಸಬಹುದು, ಒಬ್ಬೊಬ್ಬರ ಬ್ಯಾಗಿನಲ್ಲಿ ಒಂದೊಂದು ಇರುತ್ತದೆ, ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಲ್ಯಾಪ್‌ಟಾಪ್‌ಗೆ ಮಾತ್ರ ಇವುಗಳಿಂದ ಪ್ರಯೋಜನವಿಲ್ಲ. ಲ್ಯಾಪ್‌ಟಾಪ್ ಅನ್ನು ಕಾಜಾದಲ್ಲೋ ತಾಬೊದಲ್ಲೋ ಗೋಡೆಯ ಕರೆಂಟಿಗೇ ಹಾಕಿ.

ಚಳಿಯಲ್ಲಿ ನೆನಪಿಡಬೇಕಾದದ್ದು ಒಂದಿದೆ. ಸೆಪ್ಟೆಂಬರಿನಲ್ಲಿ ಚಂದ್ರತಾಲ್ ಬಳಿ ರಾತ್ರಿ ಸೊನ್ನೆಯ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಚಳಿಯಲ್ಲಿ ಲಿಥಿಯಂ ಬ್ಯಾಟರಿ ಬೇಗ ಖಾಲಿಯಾದಂತೆ ತೋರಿಸುವುದು ತಾತ್ಕಾಲಿಕ, ಬೆಚ್ಚಗಾದರೆ ಚಾರ್ಜ್ ಮರಳಿ ಕಾಣುತ್ತದೆ. ಆದರೆ ಸೊನ್ನೆಗಿಂತ ಕೆಳಗೆ ತಣ್ಣಗಾದ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕಿದರೆ ಒಳಗಿನ ಆನೋಡ್ (ಋಣ ತುದಿ) ಮೇಲೆ ಲಿಥಿಯಂ ಲೋಹ ಪದರವಾಗಿ ಕೂರುತ್ತದೆ. ಆ ನಷ್ಟ ಶಾಶ್ವತ, ಮುಂದೆ ಒಳಗೆ ಶಾರ್ಟ್ ಆಗುವ ಅಪಾಯವೂ ಉಂಟು. ರಾತ್ರಿ ಫೋನು, ಬ್ಯಾಂಕು, ಕ್ಯಾಮೆರಾ ಬ್ಯಾಟರಿ ಎಲ್ಲವನ್ನೂ ಒಂದು ಉಣ್ಣೆಯ ಕಾಲುಚೀಲಕ್ಕೆ ತುಂಬಿ ಸ್ಲೀಪಿಂಗ್ ಬ್ಯಾಗಿನ ಕಾಲಿನ ಕಡೆ ಇಟ್ಟುಕೊಳ್ಳಿ. ಅಲ್ಲಿ ಚಾರ್ಜ್ ಮಾತ್ರ ಮಾಡಬೇಡಿ. ಹೊದಿಕೆಯೊಳಗೆ ಶಾಖ ಹೊರಹೋಗಲು ದಾರಿ ಇರುವುದಿಲ್ಲ.

ಸಿಗ್ನಲ್ ಇಲ್ಲದ ಕಡೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಟವರ್ ಹುಡುಕುತ್ತ ಅದು ಸುಮ್ಮನೆ ಬ್ಯಾಟರಿ ತಿನ್ನುತ್ತದೆ. ನಕ್ಷೆಯನ್ನು ಶಿಮ್ಲಾ ಬಿಡುವ ಮುನ್ನವೇ ಆಫ್‌ಲೈನ್ ಇಳಿಸಿಕೊಳ್ಳಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಸ್ಪಿತಿ ಹಿಮಾಚಲದಲ್ಲೇ ಇರುವುದರಿಂದ ನಮ್ಮ ಪ್ರಿಪೇಯ್ಡ್ ಸಿಮ್ ನಡೆಯುತ್ತದೆ. ಯೋಜನೆ ಬದಲಿಸಿ ಮನಾಲಿಯಿಂದ ಲೇಹ್ ಕಡೆ ಹೊರಟರೆ ಪೋಸ್ಟ್‌ಪೇಯ್ಡ್ ಬೇಕು, ಲಡಾಖ್‌ನಲ್ಲಿ ಹೊರ ರಾಜ್ಯದ ಪ್ರಿಪೇಯ್ಡ್ ಕೆಲಸ ಮಾಡುವುದಿಲ್ಲ.

ರೈಲಿನಲ್ಲಿ ಹೆಚ್ಚು ಓಡಾಡುವವರು:
ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ. ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಸಾಕೆಟ್‌ಗಳನ್ನು ಆರಿಸಿಡಬೇಕೆಂಬ ನಿಯಮವಿದೆ, ಹಗಲಿನಲ್ಲೇ ಮುಗಿಸಿಕೊಳ್ಳಿ. ಬೋಗಿಯ ಮೊಬೈಲ್ ಸಾಕೆಟ್‌ಗೆ ಬರುವುದು ಸಾಮಾನ್ಯವಾಗಿ 110 ವೋಲ್ಟ್. ಚಾರ್ಜರ್ ಮೇಲೆ ‘ಇನ್‌ಪುಟ್ 100–240’ ಎಂದಿದ್ದರೆ ತೊಂದರೆಯಿಲ್ಲ. ಎಲೆಕ್ಟ್ರಿಕ್ ಕೆಟಲ್ ಬ್ಯಾಗಿನಲ್ಲಿದ್ದರೆ ರೈಲಿನಲ್ಲಿ ತೆಗೆಯಬೇಡಿ, ಅದು ನಿಷಿದ್ಧ. ಸಾಕೆಟ್ ಸಡಿಲವಿದ್ದರೆ ಭಾರದ ಚಾರ್ಜರ್ ಜೋತುಬಿದ್ದು ಕಿಡಿ ಹಾರುತ್ತದೆ, ಪಿನ್ನು ಕಪ್ಪಾಗುತ್ತದೆ. ಒಂದು ಮೀಟರಿನ ಹಗುರ ಎಕ್ಸ್‌ಟೆನ್ಷನ್ ಇದ್ದರೆ ಚಾರ್ಜರಿನ ಭಾರ ಪಿನ್ನಿನ ಮೇಲೆ ಬೀಳುವುದಿಲ್ಲ. ಒಂದೇ ಸಾಕೆಟ್ ಇರುವ ಹೋಮ್‌ಸ್ಟೇ ಕೋಣೆಗೂ ಅದೇ ಆಗುತ್ತದೆ.

ಛಾಯಾಗ್ರಹಣ ಕಲಿಸುವವರು:
ಫೋಟೊ ನಕಲಿಗೆ ಹಾರ್ಡ್ ಡಿಸ್ಕ್ ಒಯ್ಯುವ ಯೋಚನೆ ಇದ್ದರೆ ಬಿಡಿ. ತಿರುಗುವ ಡಿಸ್ಕಿನಲ್ಲಿ ಓದುವ ಹೆಡ್ ತಟ್ಟೆಗೆ ತಾಗದೆ ಗಾಳಿಯ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಹೆಡ್ ಕೆಳಗಿಳಿಯುತ್ತದೆ. ಅದಕ್ಕೇ ಸಾಮಾನ್ಯ ಹಾರ್ಡ್ ಡಿಸ್ಕ್‌ಗಳನ್ನು ಸುಮಾರು 3,000 ಮೀಟರ್‌ವರೆಗೆ ಮಾತ್ರ ಚಾಲನೆ ಮಾಡಬಹುದೆಂದು ತಯಾರಕರು ಬರೆದಿರುತ್ತಾರೆ. ಕಾಜಾ ಇರುವುದೇ 3,600 ಮೀಟರಿಗೂ ಮೇಲೆ, ಚಂದ್ರತಾಲ್ 4,200 ಮೀಟರ್ ದಾಟುತ್ತದೆ. ಚಿಪ್‌ಗಳಲ್ಲಿ ಮಾಹಿತಿ ಉಳಿಸುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ತೂಕ 60 ಗ್ರಾಮಿನ ಸುತ್ತ. ಅದನ್ನೇ ಒಯ್ಯಿರಿ.

ಎಸ್‌ಎಸ್‌ಡಿ ಜೊತೆ ಬಂದ ಕೇಬಲನ್ನೂ ಮರೆಯಬೇಡಿ. ಫೋನಿನ ಚಾರ್ಜಿಂಗ್ ಕೇಬಲ್ ಬಹುತೇಕ ಯುಎಸ್‌ಬಿ 2.0. ಅದರಲ್ಲಿ 64 ಜಿಬಿ ಕಾರ್ಡು ನಕಲಾಗಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಲ್ಯಾಪ್‌ಟಾಪ್ ಉರಿಯುತ್ತಿರಬೇಕು, ಕರೆಂಟಿಲ್ಲದ ರಾತ್ರಿ ಅದು ದುಬಾರಿ. ವೇಗದ ಕೇಬಲ್‌ಗೆ ಬಣ್ಣದ ಟೇಪು ಸುತ್ತಿ ಗುರುತು ಮಾಡಿಡಿ, ಎಲ್ಲ ಕಪ್ಪು ಕೇಬಲ್ಲುಗಳೂ ನೋಡಲು ಒಂದೇ.

ಕ್ಯಾಮೆರಾಗೆ ಒಟ್ಟು ಮೂರು ಬ್ಯಾಟರಿ. ಚಳಿಯಲ್ಲಿ ಒಂದು ಕ್ಯಾಮೆರಾದಲ್ಲಿ, ಒಂದು ಅಂಗಿಯ ಒಳಜೇಬಿನಲ್ಲಿ, ಒಂದು ಮೀಸಲು. ಕ್ಯಾಮೆರಾ ನೇರ ಟೈಪ್ ಸಿ ಮೂಲಕ ಚಾರ್ಜ್ ಆಗುವುದಾದರೆ ಬ್ಯಾಟರಿ ಕೂರಿಸುವ ಬೇರೆ ಚಾರ್ಜರ್ ಬೇಡ.

ಹೊರಗಿನ ಚಳಿಯಿಂದ ತಂದೂರ್ ಒಲೆ ಹೊತ್ತಿಸಿದ ಕೋಣೆಗೆ ಕ್ಯಾಮೆರಾ ತಂದರೆ ಲೆನ್ಸಿನ ಮೇಲೂ ಒಳಗೂ ತೇವ ಕೂರುತ್ತದೆ. ಹೊರಗೇ ಜಿಪ್ ಚೀಲಕ್ಕೆ ಹಾಕಿ ಗಾಳಿ ತೆಗೆದು ಮುಚ್ಚಿ, ಒಳಗೆ ತಂದು ಒಂದು ಗಂಟೆ ಬಿಟ್ಟು ತೆರೆಯಿರಿ. ಆಗ ತೇವ ಚೀಲದ ಹೊರಮೈಗೆ ಕೂರುತ್ತದೆ. ಕಾರ್ಡು ಬೇಕಿದ್ದರೆ ಚೀಲಕ್ಕೆ ಹಾಕುವ ಮುನ್ನ ತೆಗೆದುಕೊಳ್ಳಿ.

ಸ್ಪಿತಿ ಮಳೆ ಕಡಿಮೆಯ ನಾಡು, ಅಲ್ಲಿನ ಕಾಟ ಧೂಳು. ಫೋನಿನ ಪೋರ್ಟಿಗೆ ಧೂಳು ಒತ್ತಿಕೊಂಡು ಕೇಬಲ್ ಪೂರ್ತಿ ಒಳಹೋಗುವುದಿಲ್ಲ, ಕೇಬಲ್ ಹಾಳಾಗಿದೆ ಎಂದು ಅನ್ನಿಸುತ್ತದೆ. ಫೋನು ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಕೆದಕಿ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಹಾಕಿದರೆ ಪೋರ್ಟಿನ ನಾಲಗೆ ಮುರಿಯುತ್ತದೆ.

ವಿಮಾನ ಟಿಕೆಟ್ ವ್ಯವಹಾರದವರು:
ಚಂಡೀಗಢದಲ್ಲಿ ಬ್ಯಾಗು ಮರುಜೋಡಿಸಲು ಅರ್ಧ ಗಂಟೆ ಇಟ್ಟುಕೊಳ್ಳಿ. ಪವರ್ ಬ್ಯಾಂಕ್, ಕ್ಯಾಮೆರಾದ ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಕೂಡದು. 100 ವ್ಯಾಟ್ ಅವರ್‌ವರೆಗೆ ಅಡ್ಡಿಯಿಲ್ಲ, 100ರಿಂದ 160ಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೇಲೆ ಇಲ್ಲ. ಮೇಲೆ ಹೇಳಿದ ಲೆಕ್ಕದಲ್ಲಿ 27,000 ಎಂಎಎಚ್ ಎಂದರೆ 99.9, ಅದೇ ಗಡಿ. ಬ್ಯಾಂಕಿನ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಎಷ್ಟು ಸಾಮರ್ಥ್ಯವೆಂದು ತಪಾಸಣೆಯವರಿಗೆ ತೋರಿಸಲು ಆಗುವುದಿಲ್ಲ, ಅವರು ಇಟ್ಟುಕೊಳ್ಳುತ್ತಾರೆ. ಹೊರಡುವ ಮುನ್ನ ಅಕ್ಷರಗಳ ಮೇಲೆ ಪಾರದರ್ಶಕ ಟೇಪು ಅಂಟಿಸಿ. ಬಿಡಿ ಬ್ಯಾಟರಿಯ ಲೋಹದ ತುದಿಗಳಿಗೂ ಟೇಪು ಇರಲಿ, ಬೀಗದ ಕೈ ತಾಗಿದರೂ ಶಾರ್ಟ್ ಆಗುತ್ತದೆ.

2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ನಿಂತಿದ್ದ ವಿಮಾನದ ಮೇಲಿನ ಲಗೇಜು ಗೂಡಿನಲ್ಲಿ ಬೆಂಕಿ ಹತ್ತಿತು, ಪವರ್ ಬ್ಯಾಂಕ್ ಕಾರಣವಿರಬಹುದೆಂದು ತನಿಖೆ ಹೇಳಿತು. ಅಂದಿನಿಂದ ಅನೇಕ ಸಂಸ್ಥೆಗಳು ಹಾರಾಟದಲ್ಲಿ ಅದನ್ನು ಬಳಸುವುದನ್ನೂ ಮೇಲಿನ ಗೂಡಿನಲ್ಲಿಡುವುದನ್ನೂ ನಿಲ್ಲಿಸಿವೆ. ಮುಂದಿನ ಸೀಟಿನ ಕೆಳಗೋ ಜೇಬಿನಲ್ಲೋ ಇರಲಿ. ಉಬ್ಬಿದ ಬ್ಯಾಂಕನ್ನು ಬ್ಯಾಗಿಗೆ ಸೇರಿಸಲೇಬೇಡಿ. ಹೊಸದು ಕೊಳ್ಳುವಾಗ ಹಿಂಬದಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ‘ಆರ್-’ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಪರೀಕ್ಷಿಸಬಹುದು.

ಲೈಟರ್, ಬೆಂಕಿಪೊಟ್ಟಣ, ಸ್ಟೌವಿನ ಗ್ಯಾಸ್ ಡಬ್ಬಿ ಯಾವ ಬ್ಯಾಗಿನಲ್ಲೂ ಬೇಡ. ಚಾಕು, ಮಲ್ಟಿಟೂಲ್ ಚೆಕ್-ಇನ್‌ಗೆ.

ಚಾರಣ ತಂಡ ನಡೆಸುವವರು, ಮತ್ತೆ:
ಸೋಲಾರ್ ಪ್ಯಾನೆಲ್ ಪ್ರಶ್ನೆ ಉಳಿದಿತ್ತು. ನಿಮಗೆ ಬೇಡ. 20 ವ್ಯಾಟ್ ಎಂದು ಬರೆದದ್ದು ಒಳ್ಳೆಯ ಬಿಸಿಲಿಗೆ ನೇರ ಹಿಡಿದರೂ ಕೊಡುವುದು 12–14 ವ್ಯಾಟ್, ತೂಕ ಮಾತ್ರ ಅರ್ಧ ಕೆ.ಜಿ. ನೀವು ಹಗಲೆಲ್ಲ ಬಸ್ಸು, ಟ್ಯಾಕ್ಸಿಯಲ್ಲಿರುತ್ತೀರಿ, ಅದನ್ನು ಬಿಸಿಲಿಗೆ ಹರಡುವ ಅವಕಾಶವೇ ಇರುವುದಿಲ್ಲ. ಒಂದೇ ಕಡೆ ನಾಲ್ಕೈದು ದಿನ ಡೇರೆ ಹಾಕುವವರಿಗೆ ಅದು ಸರಿ. ಅದರ ಬದಲು ಟ್ಯಾಕ್ಸಿಯ 12 ವೋಲ್ಟ್ ಸಾಕೆಟ್‌ಗೆ ಹಾಕುವ, 30 ವ್ಯಾಟ್‌ಗೆ ಕಡಿಮೆಯಿಲ್ಲದ ಕಾರ್ ಚಾರ್ಜರ್ ತಗೊಳ್ಳಿ. 30 ಗ್ರಾಂ ತೂಗುತ್ತದೆ. ಕಾಜಾದಿಂದ ಚಂದ್ರತಾಲ್ ದಾರಿಯಲ್ಲಿ ಗಂಟೆಗಟ್ಟಲೆ ಕೂತಿರುತ್ತೀರಲ್ಲ, ಆ ಹೊತ್ತಿಗೆ ಒಂದು ಬ್ಯಾಂಕು ತುಂಬಿರುತ್ತದೆ.

ಹೆಡ್‌ಲ್ಯಾಂಪು ಎಎಎ ಸೆಲ್‌ನದ್ದಾದರೆ ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರಿಗೂ ಅದೇ ಸೆಲ್, ಆರು ಸೆಲ್ ಎರಡಕ್ಕೂ ಆಗುತ್ತವೆ. ಬ್ಯಾಗಿನೊಳಗೆ ಬಟನ್ ಒತ್ತಿಹೋಗಿ ದೀಪ ತಾನೇ ಹತ್ತದಿರಲು ಒಂದು ಸೆಲ್ಲನ್ನು ತೆಗೆದಿಡಿ.

ರಿಪೇರಿಯವರು, ತೂಕದ ಲೆಕ್ಕ:
ಚಾರ್ಜರ್ 130 ಗ್ರಾಂ, 10,000ದ ಎರಡು ಬ್ಯಾಂಕು 430, ಐದು ಕೇಬಲ್ 170, ಎರಡು ಬಿಡಿ ಕ್ಯಾಮೆರಾ ಬ್ಯಾಟರಿ 165, ಎಸ್‌ಎಸ್‌ಡಿ 60, ಸೆಲ್ ಸಮೇತ ಹೆಡ್‌ಲ್ಯಾಂಪು 120, ಕಾರ್ ಚಾರ್ಜರ್ 30, ಎಕ್ಸ್‌ಟೆನ್ಷನ್ 150, ಚೀಲ 100. ಒಟ್ಟು 1,355. ಆಕ್ಸಿಮೀಟರ್ 60 ಸೇರಿಸಿದರೂ ಮಿತಿಯೊಳಗೇ.

ಒಂದೇ ಚೀಲಕ್ಕೆ ತುರುಕಬೇಡಿ. ದಿನಾ ಬೇಕಾಗುವ ಚಾರ್ಜರ್, ಎರಡು ಸಿ-ಸಿ ಕೇಬಲ್, ಒಂದು ಬ್ಯಾಂಕು ಕೈಗೆ ಸಿಗುವ ಜೇಬಿನಲ್ಲಿರಲಿ. ಉಳಿದದ್ದು ಒಳಗೆ. ಕ್ಯಾಮೆರಾ ಕಾರ್ಡುಗಳು ಒಬ್ಬರ ಬಳಿ, ಎಸ್‌ಎಸ್‌ಡಿ ಇನ್ನೊಬ್ಬರ ಬಳಿ. ಕೇಬಲನ್ನು ಚಾರ್ಜರಿಗೆ ಬಿಗಿಯಾಗಿ ಸುತ್ತಬೇಡಿ, ಬುಡದಲ್ಲಿ ತುಂಡಾಗುವುದು ಹಾಗೆಯೇ. ಅಂಗೈ ಅಗಲದ ಸಡಿಲ ಸುತ್ತು ಮಾಡಿ ವೆಲ್ಕ್ರೋ ಪಟ್ಟಿ ಕಟ್ಟಿ. ಹೋಮ್‌ಸ್ಟೇ ಬಿಡುವ ಬೆಳಗ್ಗೆ ಎಲ್ಲಕ್ಕಿಂತ ಮೊದಲು ಗೋಡೆಯಿಂದ ಚಾರ್ಜರ್ ಕಿತ್ತು ಚೀಲಕ್ಕೆ ಹಾಕಿ, ಹಲ್ಲುಜ್ಜುವುದು ಆಮೇಲೆ. ಇರುವುದು ಒಂದೇ ಚಾರ್ಜರ್, ಕಾಜಾ ಬಿಟ್ಟ ಮೇಲೆ ಮನಾಲಿಯವರೆಗೆ ಅಂಥದ್ದು ಸಿಗುವ ಅಂಗಡಿ ಇಲ್ಲ.